ಬೇಸಿಗೆ ರಜೆ, ದಸರಾ ರಜೆ, ಮಳೆ ರಜೆ, ಸಿಎಲ್: ಟೀಚರ್ ಒಬ್ಬಳ ಹೋಲಿಕೆ

ಮೊದಲೇ ಹೇಳಿಬಿಡ್ತೀನಿ, ನನ್ನ ಓಟು ಸಾಂದರ್ಭಿಕ ರಜೆಗೆ, ಅಂದ್ರೆ ಸಿಎಲ್‌ಗೆ. ಅದೂ ವಾರದ ಮಧ್ಯ, ಹಿಂದೆ ಮುಂದೆ ಯಾವ ಹಬ್ಬಾನೂ ಇಲ್ಲದ ಬುಧವಾರ ಹಾಕೋ ಒಂಟಿ ಸಿಎಲ್‌ಗೆ. ಹೋದ ವಾರ ಹಾಗೊಂದು ಹಾಕಿದ್ದೆ, ಎಷ್ಟು ಚೆಂದ ಇತ್ತು ಅಂದ್ರೆ ಬಸ್ಸಲ್ಲಿ ಜೊತೆಗೆ ಬರೋ ಟೀಚರುಗಳಿಗೆಲ್ಲ ಹೇಳಿ ಹೇಳಿ ಅವರಿಗೆ ಸಾಕಾಗಿ ಈಗ ಅವರು ಹಿಂದಿನ ಸೀಟಿಗೆ ಹೋಗಿ ಕೂರ್ತಿದಾರೆ, ಹಾಗಾಗಿ ಇನ್ನು ನಿಮ್ಮ ಸರದಿ.

ನಾನು ಇರೋದು ಸಾಗರದಲ್ಲಿ, ಶಾಲೆ ಇರೋದು ಹೊಸನಗರ ತಾಲ್ಲೂಕಲ್ಲಿ. ಒಂದರಿಂದ ಐದರ ತನಕ ಇರೋ ಕಿರಿಯ ಪ್ರಾಥಮಿಕ ಶಾಲೆ, ಇಬ್ಬರೇ ಟೀಚರು, ಒಬ್ಬರು ಹೆಚ್‌ಎಂ ಸರ್, ಇನ್ನೊಬ್ಬಳು ನಾನು. ಈ ತಾಲ್ಲೂಕಿನ ವಿಷ್ಯ ನೆನಪಿಟ್ಕೊಳ್ಳಿ, ಮುಂದೆ ಮಳೆ ರಜೆ ಹತ್ರ ಬಂದಾಗ ಬೇಕಾಗುತ್ತೆ.

"ನಿಮಗೇನ್ರೀ ಟೀಚರೇ, ವರ್ಷದಲ್ಲಿ ಅರ್ಧ ರಜೆ" ಅನ್ನೋರಿಗೆ ಒಂದೇ ಮಾತು. ಬೇಸಿಗೆ, ದಸರಾ ರಜೆ ಇದೆ ಅನ್ನೋ ಕಾರಣಕ್ಕೇ ನಮಗೆ ವರ್ಷಕ್ಕೆ ಗಳಿಕೆ ರಜೆ 10, ಬೇರೆ ಇಲಾಖೆಯವರಿಗೆ 30. ಅಂದ್ರೆ ಆ ರಜೆ ಯಾರೂ ಪುಕ್ಕಟೆ ಕೊಟ್ಟಿಲ್ಲ, ಕೈಯಿಂದಾನೇ ಹೋಗಿದೆ. ಸಿಎಲ್ ಮಾತ್ರ 15 ಇದೆ, ಬೇರೆ ನೌಕರರಿಗೆ ನಾಲ್ಕನೇ ಶನಿವಾರ ರಜೆ ಕೊಟ್ಟಾಗ ಅವರದ್ದು 10ಕ್ಕೆ ಇಳೀತು, ನಮಗೆ ಆ ಶನಿವಾರ ಸಿಗಲಿಲ್ಲ ಅಂತ ನಮ್ಮದು ಹಾಗೇ ಉಳೀತು.

ಸರಿ, ಬೇಸಿಗೆ ರಜೆ. ಏಪ್ರಿಲ್ 11ರಿಂದ ಮೇ 28. ಕಾಗದದ ಮೇಲೆ ನೋಡಿದ್ರೆ ಇದರ ಮುಂದೆ ಯಾವ ರಜೇನೂ ನಿಲ್ಲೋ ಹಾಗಿಲ್ಲ. ಆದ್ರೆ ಮಲೆನಾಡಲ್ಲಿ ಏಪ್ರಿಲ್ ಮೇ ಅಂದ್ರೆ ಏನು ಅಂತ ಇಲ್ಲಿನ ಹೆಂಗಸರಿಗೇ ಗೊತ್ತು. ಹಲಸಿನ ಹಪ್ಪಳ ಆಗ್ಬೇಕು, ಬಾಳಕದ ಮೆಣಸು ಒಣಗ್ಬೇಕು, ಮಿಡಿ ಉಪ್ಪಿನಕಾಯಿ ಭರಣಿಗೆ ಸೇರ್ಬೇಕು, ಮಳೆ ಹಿಡಿಯೋದರೊಳಗೆ ಸೌದೆ ಒಳಗೆ ಬೀಳ್ಬೇಕು. ಅದರ ಜೊತೆಗೆ ಮದುವೆ, ಮುಂಜಿ, ಗೃಹಪ್ರವೇಶ. ಮಾಮೂಲಿ ದಿನದಲ್ಲಿ "ಅವಳಿಗೆ ಸ್ಕೂಲು ಇದೆ ಪಾಪ" ಅಂತ ಬಿಟ್ಟುಬಿಡೋ ಅತ್ತೆ, ಚಿಕ್ಕಮ್ಮಂದಿರು, ಓರಗಿತ್ತಿ ಎಲ್ಲ ಬೇಸಿಗೆಗೆ "ಹ್ಯಾಗೂ ರಜೆ ಅಲ್ದಾ, ನಾಕು ದಿನ ಮುಂಚೆ ಬಾ" ಅಂತಾರೆ. ಮುಂಚೆ ಹೋದೋಳಿಗೆ ಏನ್ ಕೆಲಸ ಕಾದಿರುತ್ತೆ ಅಂತ ಬಿಡಿಸಿ ಹೇಳ್ಬೇಕಿಲ್ಲ, ತೆಂಗಿನಕಾಯಿ ತುರಿಯೋದು, ಲಗ್ನಪತ್ರಿಕೆ ಮೇಲೆ ಹೆಸರು ಬರಿಯೋದು. ಪತ್ರಿಕೆ ಮೇಲೆ ಬರಿಯೋ ಕೆಲಸ ಪ್ರತಿ ಮದುವೇಲೂ ನನಗೇ ಬರುತ್ತೆ, ಯಾಕಂದ್ರೆ "ಟೀಚರ್ ಅಕ್ಷರ ದುಂಡಗಿರುತ್ತೆ".

ಖರ್ಚಿನ ಮಾತಿಗೆ ಬಂದ್ರೆ ಬೇಸಿಗೆ ರಜೆಯೇ ಎಲ್ಲಕ್ಕಿಂತ ದುಬಾರಿ. ಮುಯ್ಯಿ ಕವರು, ಸೀರೆ, ಬ್ಲೌಸ್ ಹೊಲಿಸೋ ಕೂಲಿ, ಬಸ್ ಚಾರ್ಜು. ಸರ್ಕಾರಿ ಬಸ್ಸಲ್ಲಿ ಹೆಂಗಸರಿಗೆ 2023ರ ಜೂನಿಂದ ಟಿಕೆಟ್ ಇಲ್ಲ ನಿಜ, ಆದ್ರೆ ನಮ್ಮ ಕಡೆ ಹಳ್ಳಿ ರೂಟೆಲ್ಲ ಪ್ರೈವೇಟ್ ಬಸ್ಸಿಂದು, ಅಲ್ಲಿ ಶಕ್ತಿನೂ ಇಲ್ಲ ಯೋಜನೆನೂ ಇಲ್ಲ, ದುಡ್ಡು ಕೊಟ್ಟೇ ಹತ್ಬೇಕು.

ಮತ್ತೆ ಚುನಾವಣೆ. 2023ರ ಮೇ 10 ವಿಧಾನಸಭೆ, 2024ರ ಮೇ 7 ನಮ್ಮ ಶಿವಮೊಗ್ಗಕ್ಕೆ ಲೋಕಸಭೆ. ಎರಡೂ ರಜೆ ನಡುಮಧ್ಯಕ್ಕೆ ಬಂದು ಕೂತ್ವು, ಮೊದಲು ಟ್ರೈನಿಂಗ್, ಆಮೇಲೆ ಮಸ್ಟರಿಂಗ್ (ಮತಯಂತ್ರ, ಸಾಮಾನು ತಗೊಳ್ಳೋದು), ಆಮೇಲೆ ರಾತ್ರಿ ಬೂತಲ್ಲೇ ವಾಸ್ತವ್ಯ. ಬೂತ್ ಅಂದ್ರೆ ಏನು, ಇನ್ನೊಂದು ಸ್ಕೂಲು. ನನ್ನ ಸ್ಕೂಲಿಗೆ ರಜೆ ಅಂತ ಹೇಳಿ ಬೇರೆಯವರ ಸ್ಕೂಲಲ್ಲಿ ಬೆಂಚ್ ಜೋಡಿಸ್ಕೊಂಡು ಮಲಗಿದ್ದು, ಮಲಗಿದ ಕಡೆಯಿಂದ ಗೋಡೆ ಮೇಲಿನ ಕಾಗುಣಿತ ಚಾರ್ಟಲ್ಲಿ ಒಂದು ಒತ್ತಕ್ಷರ ತಪ್ಪಿದ್ದು ಕಣ್ಣಿಗೆ ಬಿತ್ತು, ಆಮೇಲೆ ನಿದ್ದೆ ಎಲ್ಲಿಂದ ಬರ್ಬೇಕು. ಎದ್ದು ಚಾಕ್‌ಪೀಸ್ ಹುಡುಕಿ ಚಾರ್ಟ್ ಪಕ್ಕ ಗೋಡೆ ಮೇಲೆ ಸರಿಯಾದ್ದು ಬರೆದು ಬಂದು ಮಲಗಿದೆ.

ದಸರಾ ರಜೆ ಬಗ್ಗೆ ಜಾಸ್ತಿ ಹೇಳಲ್ಲ. ಹವೆ ಚೆಂದ, ಗದ್ದೆ ಹಸಿರು, ಜೋಗದಲ್ಲಿ ನೀರಿರುತ್ತೆ, ಮತ್ತೆ ಆ ಕಾರಣಕ್ಕೇ ಬೆಂಗಳೂರು ಮೈಸೂರಿನ ನೆಂಟರೆಲ್ಲ ನಮ್ಮನೆಗೆ ಬರ್ತಾರೆ. ಊರೆಲ್ಲ ದಸರಾ ನೋಡೋಕೆ ಮೈಸೂರಿಗೆ ಹೋದ್ರೆ ಮೈಸೂರಲ್ಲಿರೋ ನನ್ನ ನಾದಿನಿ ಮನೆಯವರು ಆ ಗಲಾಟೆ ತಪ್ಪಿಸ್ಕೊಳ್ಳೋಕೆ ತಾಳಗುಪ್ಪ ರೈಲು ಹತ್ತಿ ಇಲ್ಲಿಗೆ ಬರ್ತಾರೆ. 2025ರಲ್ಲಿ ಇನ್ನೂ ಒಂದು ಸೇರ್ಕೊಂತು, ಜುಲೈ 14ಕ್ಕೆ ಸಿಗಂದೂರು ಸೇತುವೆ ಓಪನ್ ಆಯ್ತಲ್ಲ, ಎರಡು ಕಿಲೋಮೀಟರಿಗೂ ಉದ್ದದ್ದು, ಅದನ್ನ ನೋಡ್ಬೇಕು, ಮಧ್ಯ ನಿಲ್ಸಿ ಫೋಟೋ ತೆಗೀಬೇಕು. ಶರಾವತಿ ಹಿನ್ನೀರು ದಾಟೋಕೆ ಲಾಂಚ್ ಮಾತ್ರ ಇದ್ದಾಗ ಕ್ಯೂ ನೆನೆಸ್ಕೊಂಡು ಅರ್ಧ ಜನ ಬರ್ತಿರಲಿಲ್ಲ, ಈಗ ಆ ತಡೆನೂ ಹೋಯ್ತು.

ಅದೇ ರಜೆಗೇ ಜಾತಿಗಣತಿ ಅಂತ ಎಲ್ಲರೂ ಕರೆಯೋ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆನೂ ಬಂತು. ಸೆಪ್ಟೆಂಬರ್ 20ಕ್ಕೆ ರಜೆ ಶುರು, 22ಕ್ಕೆ ಸಮೀಕ್ಷೆ ಶುರು. ಒಂದು ಮನೆಗೆ 60 ಪ್ರಶ್ನೆ. ನಮ್ಮ ಕಡೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗೋದು ಅಂದ್ರೆ ಒಂದು ತೋಟ ಇಳಿದು ಒಂದು ಗುಡ್ಡ ಹತ್ತೋದು, ಒಟಿಪಿ ಬರೋಕೆ ಗುಡ್ಡದ ತುದೀಲಿ ಒಂದು ಮರ ಇತ್ತು, ಅದರ ಬುಡದಲ್ಲಿ ಮನೆ ಯಜಮಾನರೂ ನಾನೂ ಫೋನ್ ಮೇಲೆತ್ತಿ ಹಿಡ್ಕೊಂಡು ನಿಂತಿರೋದು. ಹಗಲೆಲ್ಲ ನಾನು ಪ್ರಶ್ನೆ ಕೇಳೋದು, ಸಂಜೆ ಮನೆಗೆ ಬಂದ್ರೆ ನೆಂಟರು ನನ್ನ ಕೇಳೋದು, ಜೋಗ ಯಾವಾಗ, ಸೇತುವೆ ಯಾವಾಗ, ತೊಡದೇವು ಯಾವಾಗ. ರಜೆ ಅಕ್ಟೋಬರ್ 18ರ ತನಕ ಮುಂದೆ ಹೋಯ್ತು ಅಂತ ಮಕ್ಕಳು ಕುಣಿದ್ರು, ಅದಕ್ಕೆ ಬದಲಿ ಹೆಚ್ಚುವರಿ ಕ್ಲಾಸು ಆಮೇಲೆ ನಡೀತು.

ಆದ್ರೂ ಹಳ್ಳಿ ಮನೆಗಳಲ್ಲಿ ಕೊಟ್ಟ ಕಷಾಯ, ಅವಲಕ್ಕಿ ಮಾತ್ರ ಯಾವ ಟೂರಲ್ಲೂ ಸಿಗಲ್ಲ ಅಂತ ಒಪ್ಕೊಳ್ಳೇಬೇಕು.

ಈಗ ಮಳೆ ರಜೆ. ಬಯಲುಸೀಮೆ ಕಡೆಯೋರಿಗೆ ಇದು ಗೊತ್ತಿರಲಿಕ್ಕಿಲ್ಲ. ಜೂನ್ ಕೊನೆಯಿಂದ ಆಗಸ್ಟ್ ತನಕ, ಆರಿದ್ರಾ ಪುನರ್ವಸು ಪುಷ್ಯ ಆಶ್ಲೇಷ ಅಂತ ಮಳೆ ಒಂದರ ಹಿಂದೆ ಒಂದು ಬರೋ ಕಾಲ. ಹೊಸನಗರ ತಾಲ್ಲೂಕಿನ ಹುಲಿಕಲ್ ಅಂದ್ರೆ ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳೋ ಜಾಗಗಳಲ್ಲಿ ಒಂದು, ಆಗುಂಬೆ ಜೊತೆ ಪೈಪೋಟಿ. ಹಳ್ಳ ತುಂಬಿದ್ರೆ ಕಾಲುಸಂಕದ (ನಡೆದು ದಾಟೋ ಕಿರುಸೇತುವೆ) ಮೇಲೆ ನೀರು, ಆಚೆ ಕಡೆ ಮಕ್ಕಳು ದಾಟೋ ಹಾಗಿಲ್ಲ, ಆದ್ದರಿಂದ "ಮುಂಜಾಗ್ರತಾ ಕ್ರಮವಾಗಿ" ರಜೆ. ಇದು ಬೇಕಾದ ರಜೆನೇ, ಅದರ ಬಗ್ಗೆ ನನ್ನ ತಕರಾರಿಲ್ಲ. ಕಾಲುಸಂಕ ದಾಟಿ ಬರೋ ಎರಡನೇ ಕ್ಲಾಸಿನ ಹುಡುಗಿ ಕಂಬಳಿಕೊಪ್ಪೆ ಒಳಗಿಂದ ಮೂಗು ಮಾತ್ರ ಹೊರಗೆ ಹಾಕ್ಕೊಂಡು ಬಾಗಿಲಲ್ಲಿ ನಿಂತಾಗ, ಇವತ್ತು ರಜೆ ಕೊಟ್ಟಿದ್ರೇ ಚೆನ್ನಾಗಿತ್ತು ಅಂತ ನನಗೇ ಅನ್ಸುತ್ತೆ.

ತಕರಾರು ಇರೋದು ಅದು ಬರೋ ರೀತಿ ಬಗ್ಗೆ.

ಹಿಂದಿನ ದಿನ ಸಂಜೆಯೇ ಡಿಸಿ ಆದೇಶ ಬಂದುಬಿಟ್ರೆ ಸ್ವರ್ಗ. ಆದ್ರೆ ಎಷ್ಟೋ ಸಲ ಜಿಲ್ಲೆಗೆಲ್ಲ ಒಂದೇ ಅಂತ ಇರಲ್ಲ, ಆಯಾ ತಾಲ್ಲೂಕಿನ ಪರಿಸ್ಥಿತಿ ನೋಡ್ಕೊಂಡು ಅಲ್ಲಲ್ಲೇ ತೀರ್ಮಾನ ಆಗುತ್ತೆ. ಈಗ ನನ್ನ ಬೆಳಿಗ್ಗೆ ನೋಡಿ. ಐದೂವರೆಗೆ ಎದ್ದು ಮೊದಲು ಕಿವಿಗೆ ಬೀಳೋದು ಹೆಂಚಿನ ಮೇಲೆ ಮಳೆ. ಕರೆಂಟ್ ರಾತ್ರಿನೇ ಹೋಗಿರುತ್ತೆ. ಫೋನಲ್ಲಿ ಚಾರ್ಜ್ ಇಷ್ಟೇ ಇಷ್ಟು, ಟವರ್ರೂ ಬ್ಯಾಟರಿ ಮೇಲೆ ಓಡ್ತಿದೆ ಅಂತ ಕಾಣುತ್ತೆ, ಒಂದು ಕಡ್ಡಿ ಬರುತ್ತೆ ಹೋಗುತ್ತೆ. ಟೀಚರುಗಳ ವಾಟ್ಸಾಪ್ ಗ್ರೂಪಲ್ಲಿ ರಾತ್ರಿ ಹನ್ನೊಂದರಿಂದಲೇ "ರಜೆ ಇದೆಯಾ?" "ನಾಳೆ ಏನು?" "ಅಧಿಕೃತ ಮಾಹಿತಿ ಬಂದಿಲ್ಲ, ವದಂತಿ ಹಬ್ಬಿಸಬೇಡಿ" ಅಂತ ಸಾಲು, ಅದರ ಮಧ್ಯ ಯಾರೋ ಒಬ್ಬರು ಗುಡ್ ನೈಟ್ ಹೂವು ಹಾಕಿರ್ತಾರೆ. ತಿಂಡಿ ಮಾಡ್ಬೇಕಾ ಡಬ್ಬಿಗೂ ಸೇರಿಸಿ ಮಾಡ್ಬೇಕಾ ಅನ್ನೋದೇ ಗೊತ್ತಾಗದೆ ಎರಡಕ್ಕೂ ಆಗೋ ಹಾಗೆ ಚಿತ್ರಾನ್ನ ಮಾಡ್ತೀನಿ. ನಮ್ಮನೇಲಿ ಜುಲೈ ತಿಂಗಳು ಪೂರ್ತಿ ಚಿತ್ರಾನ್ನ.

ಆರೂವರೆಗೆ ಒಂದು ಆದೇಶ ಬರುತ್ತೆ, ಸೀಲು ಸಹಿ ಎಲ್ಲ ಇರುತ್ತೆ. ಗ್ರೂಪಲ್ಲಿ ಚಪ್ಪಾಳೆ ಗುರುತು ಶುರು. ನಾನು ಝೂಮ್ ಮಾಡಿ ಓದ್ತೀನಿ, ಟೀಚರ್ ಬುದ್ಧಿ ಎಲ್ಲಿ ಹೋಗುತ್ತೆ. 2025ರ ಜುಲೈಲಿ ಹೀಗೇ ಒಂದು ಬಂತು, "ದಿನಾಂಕ 24-07-2025, ಬುಧವಾರ" ಅಂತ. ಅವತ್ತು ಗುರುವಾರ. 24 ಬುಧವಾರ ಬಂದಿದ್ದು 2024ರಲ್ಲಿ. ಯಾರೋ ಪುಣ್ಯಾತ್ಮ ಹೋದ ವರ್ಷದ್ದಕ್ಕೆ ಇಸವಿ ಮಾತ್ರ ತಿದ್ದಿ ಬಿಟ್ಟಿದ್ದ, ವಾರ ತಿದ್ದೋಕೆ ಮರೆತಿದ್ದ. ಯಾವ ಸ್ಕೂಲಲ್ಲಿ ಕಲಿತ ಹುಡುಗನೋ ಏನೋ, ನಮ್ಮ ಸ್ಕೂಲಲ್ಲ ಅಂತ ನಂಬಿದೀನಿ, ನಮ್ಮವರಿಗೆ ಕ್ಯಾಲೆಂಡರ್ ನೋಡೋದು ನಾನೇ ಕಲ್ಸಿರೋದು.

ಏಳೂಕಾಲಿಗೆ ನಿಜವಾದ ಆದೇಶ. ಸಾಗರ ತಾಲ್ಲೂಕಿಗೆ ರಜೆ. ಹೊಸನಗರದ ಸುದ್ದಿ ಇಲ್ಲ. ಅಂದ್ರೆ ನನ್ನ ಮಗಳಿಗೆ ರಜೆ, ನನಗೆ ಇಲ್ಲ. ಅವಳು ಮುಸುಕು ಹಾಕ್ಕೊಂಡು "ಅಮ್ಮಾ ನೀನು ಹೋಗ್ ಬಾ" ಅಂತ ಒಳಗಿಂದಲೇ ಕೈ ಬೀಸ್ತಾಳೆ. ಅವಳನ್ನ ಯಾರ ಹತ್ರ ಬಿಡೋದು ಅಂತ ನಮ್ಮನೆಯವರ ಜೊತೆ ಐದು ನಿಮಿಷದ ಚರ್ಚೆ, ಪಕ್ಕದ ಮನೆ ಅಜ್ಜಿಗೆ ಒಂದು ಡಬ್ಬಿ ಚಿತ್ರಾನ್ನ, ಆಮೇಲೆ ಕೊಡೆ, ರೇನ್‌ಕೋಟು, ಪ್ಲಾಸ್ಟಿಕ್ ಕವರಲ್ಲಿ ಹಾಜರಿ ಪುಸ್ತಕ, ಬಸ್‌ಸ್ಟ್ಯಾಂಡ್. ಬಸ್ಸಿನ ಕಿಟಕಿ ಟಾರ್ಪಾಲು ಪಟಪಟ ಹೊಡ್ಕೋತಿರುತ್ತೆ, ಸೀಟ್ ಎಲ್ಲ ಒದ್ದೆ, ಒಣಗಿದ ಸೀಟು ಅಂತ ಇರೋದು ಇಂಜಿನ್ ಮೇಲೆ ಒಂದೇ, ಅಲ್ಲಿ ಆಗಲೇ ಯಾರಾದ್ರೂ ಮೀನಿನ ಬುಟ್ಟಿ ಇಟ್ಟಿರ್ತಾರೆ.

ಎಂಟೂ ಇಪ್ಪತ್ತಕ್ಕೆ, ಅರ್ಧ ದಾರಿ ಆದ್ಮೇಲೆ, ಮೊಬೈಲ್‌ಗೆ ಒಂದು ಕಡ್ಡಿ ನೆಟ್‌ವರ್ಕ್ ಬಂದು ಟಿಣ್ ಟಿಣ್ ಟಿಣ್ ಅಂತ ಮೂವತ್ತು ಮೆಸೇಜ್ ಒಟ್ಟಿಗೆ. ಹೊಸನಗರ ತಾಲ್ಲೂಕಿಗೂ ರಜೆ.

ಆಗ ಏನ್ ಮಾಡೋದು ಹೇಳಿ? ಇಳಿದ್ರೆ ಎದುರು ಬಸ್ಸಿಗೆ ಒಂದು ಗಂಟೆ, ಬಸ್‌ಸ್ಟಾಪಿಗೆ ಸೂರಿಲ್ಲ. ಇಳೀದೆ ಇದ್ರೆ ಶಾಲೆ. ಹೆಚ್‌ಎಂ ಸರ್‌ಗೆ ಫೋನ್ ಮಾಡಿದ್ರೆ ಅವರು ನಿಧಾನಕ್ಕೆ, ಕನ್ನಡಕ ಹಾಕ್ಕೊಂಡು, "ಮೇಡಂ, ಆದೇಶದಲ್ಲಿ ವಿದ್ಯಾರ್ಥಿಗಳಿಗೆ ರಜೆ ಅಂತ ಇದೆ, ಶಿಕ್ಷಕರ ಬಗ್ಗೆ ಏನೂ ಹೇಳಿಲ್ಲ" ಅಂತಾರೆ. ಅಲ್ಲಿಗೆ ಹೋದ್ರೆ ಅಡುಗೆ ಅಕ್ಕ ಆಗಲೇ ಬಂದು ಒಲೆ ಹಚ್ಚಿ ಹಾಲಿನ ಪುಡಿ ಕಲಸಿ ಕೂತಿರ್ತಾಳೆ, ಅವಳಿಗೆ ಯಾವ ಗ್ರೂಪೂ ಇಲ್ಲ. ಮೂವರೂ ಒಂದೊಂದು ಲೋಟ ಬಿಸಿ ಹಾಲು ಹಿಡ್ಕೊಂಡು ಮಳೆ ನೋಡ್ತಾ ಕೂರ್ತೀವಿ. ಆಮೇಲೆ ಕೂತಿದ್ದಕ್ಕೆ ಮಕ್ಕಳಿಗೆ ಕೊಡೋ ಮೊಟ್ಟೆ ಲೆಕ್ಕ ಬರ್ದುಬಿಡಿ ಅಂತ ಸರ್ ರಿಜಿಸ್ಟರ್ ಮುಂದೆ ಇಡ್ತಾರೆ.

ಇಷ್ಟಾಗಿ ಈ ರಜೆ ಪುಕ್ಕಟೆ ಏನಲ್ಲ. ಆರ್‌ಟಿಇ (ಶಿಕ್ಷಣ ಹಕ್ಕು ಕಾಯ್ದೆ) ಪ್ರಕಾರ ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಪಾಠ ಆಗ್ಲೇಬೇಕು. ಹಾಗಾಗಿ ಜುಲೈಲಿ ಕೊಟ್ಟಿದ್ದನ್ನ ಆಮೇಲೆ ಶನಿವಾರ ಮಧ್ಯಾಹ್ನ, ಕೆಲವು ಸಲ ಭಾನುವಾರ ವಾಪಸ್ ಕಿತ್ಕೋತಾರೆ. ಸೊಸೈಟಿ ಸಾಲದ ಹಾಗೆ, ತಗೊಳ್ಳುವಾಗ ಒಂದೇ ಕಂತು, ಕಟ್ಟುವಾಗ ಹತ್ತು ಕಂತು.

ಒಂದು ಸಲ ಮಾತ್ರ, ಹೊಸನಗರಕ್ಕೆ ರಜೆ, ಸಾಗರಕ್ಕೆ ಇಲ್ಲ, ಆದೇಶನೂ ಹಿಂದಿನ ರಾತ್ರಿನೇ ಬಂತು. ಮಗಳು ಗೊಣಗ್ತಾ ಸ್ಕೂಲಿಗೆ ಹೋದ್ಲು, ನಾನು ಹಲಸಿನ ಹಪ್ಪಳ ಸುಟ್ಕೊಂಡು ಕಾಯಿಚೂರು ಜೊತೆ ತಿಂತಾ ಜಗಲಿ ಮೇಲೆ ಕೂತಿದ್ದೆ. ಅವತ್ತು ನನಗೆ ಹೊಳೆದಿದ್ದು, ನನಗೆ ಬೇಕಾಗಿರೋದು ರಜೆ ಅಲ್ಲ, ಮನೆಯವರಿಗೆಲ್ಲ ಕೆಲಸ ಇದ್ದು ನನಗೊಬ್ಬಳಿಗೇ ಇಲ್ಲದ ದಿನ ಅಂತ. ಎಲ್ಲರಿಗೂ ರಜೆ ಇದ್ದ ದಿನ ಅಡುಗೆಮನೆಗೆ ಮಾತ್ರ ಡಬಲ್ ಡ್ಯೂಟಿ. ಭಾನುವಾರ ಈ ಹೋಲಿಕೆಯಲ್ಲೇ ಇಲ್ಲ ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಹಾಗಾಗಿ ಸಿಎಲ್.

ಹೋದ ಬುಧವಾರ ಒಂಬತ್ತೂವರೆಗೆ ಮಗಳು, ನಮ್ಮನೆಯವರು ಇಬ್ಬರೂ ಹೊರಟ್ರು. ಗೇಟ್ ಹಾಕಿದ ಸದ್ದು ಆಯ್ತು. ಒಂದು ಲೋಟ ಟೀ ಮಾಡ್ಕೊಂಡೆ, ಕೂತ್ಕೊಂಡು ಕುಡಿದೆ, ಕೊನೆ ಗುಟುಕಿನ ತನಕ ಬಿಸಿ ಇತ್ತು. ಇದರಲ್ಲಿ ಏನು ದೊಡ್ಡ ವಿಷ್ಯ ಅಂತೀರೇನೋ. ಶಾಲೆಯಲ್ಲಿ ನನ್ನ ಟೀ ಫ್ಲಾಸ್ಕಿನ ಮುಚ್ಚಳದಲ್ಲಿ ಇರುತ್ತೆ. ಒಂದು ಗುಟುಕು ಆಗೋದರೊಳಗೆ "ಟೀಚರ್, ಇವ ನನ್ ರಬ್ಬರ್ ತಗಂಡ". ಅದು ಬಗೆಹರಿಯೋದರೊಳಗೆ "ಟೀಚರ್, ಪೆನ್ಸಿಲ್ ಮುಳ್ಳು ಮುರೀತು". ಮುಳ್ಳು ಮಾಡಿಕೊಟ್ಟು ತಿರುಗಿದ್ರೆ ಟೀ ಮೇಲೆ ಕೆನೆ, ಕೆನೆ ಮೇಲೆ ಪೆನ್ಸಿಲ್ ಹೊಟ್ಟು.

ಹತ್ತೂವರೆ ಹನ್ನೊಂದು ಗಂಟೆಗೆ ನಮ್ಮ ಬೀದಿ ಹೇಗಿರುತ್ತೆ ಅಂತ ನನಗೆ ಗೊತ್ತೇ ಇಲ್ಲ ನೋಡಿ, ಇಷ್ಟು ವರ್ಷ ಇಲ್ಲಿದ್ದು. ಮೀನಿನ ಗಾಡಿ ಪೋಂ ಪೋಂ ಅಂತ ಬಂತು. ಈಗ ನವೆಂಬರ್ ಅಲ್ವಾ, ಹಿಂದಿನ ಮನೆಯಲ್ಲಿ ಅಡಿಕೆ ಬೇಯಿಸೋ ಹಂಡೆಯಿಂದ ಚೊಗರಿನ ವಾಸನೆ. ರಿಟೈರ್ಡ್ ಮಾಷ್ಟ್ರು ಒಬ್ಬರಿದಾರೆ, ಜಗಲಿ ಮೇಲೆ ಪೇಪರ್‌ನ ಗಟ್ಟಿಯಾಗಿ ಓದ್ತಾರೆ, ಕೇಳೋಕೆ ಯಾರೂ ಇಲ್ಲದಿದ್ರೂ. ಇನ್ನೊಂದು, ನಮ್ಮನೆ ಬೆಕ್ಕು, ನಾವು ಕರಿಯ ಅಂತ ಕರೀತೀವಿ, ಹತ್ತೂ ಮುಕ್ಕಾಲಿಗೆ ಸರಿಯಾಗಿ ಎದುರು ಮನೆಗೆ ಹೋಯ್ತು, ಅಲ್ಲಿ ಅವರು "ಚಿನ್ನು ಬಾ" ಅಂದ್ರು, ಅದು ಬಾಲ ಎತ್ಕೊಂಡು ಹೋಗಿ ಹಾಲು ಕುಡೀತು. ಎಷ್ಟು ಮನೇಲಿ ಇದರ ಹಾಜರಿ ಇದೆಯೋ.

ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಮಾಡಿಸ್ದೆ. ಚಪ್ಪಲಿ ಹೊಲಿಸ್ದೆ. ಮಧ್ಯಾಹ್ನ ಒಂದು ಗಂಟೆಗೆ ಕೈ ತಂತಾನೇ ಸುಲಿಯೋಕೆ ಮೊಟ್ಟೆ ಹುಡುಕ್ತು. ಒಂದೂಮುಕ್ಕಾಲಿಗೆ ಮಲಗಿದೋಳು ಮೂರೂವರೆಗೆ ಎದ್ದೆ, ಮಧ್ಯ ಹೆಚ್‌ಎಂ ಸರ್ ಫೋನ್ ಬಂದಿತ್ತು, "ಮೇಡಂ, ಸ್ಯಾಟ್ಸ್ ಪಾಸ್‌ವರ್ಡ್ ಏನು?" ಅಂತ, ಸ್ಯಾಟ್ಸ್ ಅಂದ್ರೆ ಮಕ್ಕಳ ದಾಖಲೆ ಹಾಕೋ ಇಲಾಖೆಯ ಆನ್‌ಲೈನ್ ವ್ಯವಸ್ಥೆ. ಅಷ್ಟೇ. ಒಟ್ಟು ಖರ್ಚು ಚಪ್ಪಲಿ ಹೊಲಿಗೆಯದ್ದು ಮಾತ್ರ.

ಸಿಎಲ್‌ಗೂ ಒಂದು ತೊಂದರೆ ಇದೆ, ಇಲ್ಲ ಅನ್ನಲ್ಲ. ಇಬ್ಬರೇ ಇರೋ ಶಾಲೆಯಲ್ಲಿ ನಾನು ರಜೆ ಹಾಕಿದ್ರೆ ಒಂದರಿಂದ ಮೂರರ ಮಕ್ಕಳನ್ನ ಒಟ್ಟಿಗೆ ಕೂರಿಸಿ ಕಲಿಸೋ ನಲಿ-ಕಲಿನೂ ನಾಲ್ಕು ಐದೂ ಎಲ್ಲ ಸರ್ ಒಬ್ಬರ ತಲೆ ಮೇಲೆ. ಅದಕ್ಕೆ ಬದಲಿಗೆ ಅವರ ಸಿಎಲ್ ದಿನ ನಾನು ತುಟಿ ಪಿಟಕ್ ಅನ್ನಲ್ಲ, ಜೊತೆಗೆ ಒಂದು ವಾರ ಹಾಲು ಮೊಟ್ಟೆ ಲೆಕ್ಕ ನನ್ನದು. ವ್ಯಾಪಾರ ಸರಿಹೋಗಿದೆ.

ನಿಮ್ಮ ಮನೆ, ಶಾಲೆ ಎರಡೂ ಒಂದೇ ತಾಲ್ಲೂಕಲ್ಲಿದ್ರೆ ಮಳೆ ರಜೆಗೆ ನನಗಿಂತ ಜಾಸ್ತಿ ಮಾರ್ಕ್ಸ್ ಕೊಡಬಹುದು. ಮಕ್ಕಳು ಸಣ್ಣವರಿದ್ದು ಅಜ್ಜನ ಮನೆ ಹತ್ರ ಇದ್ರೆ, ಅಲ್ಲಿ ಹಪ್ಪಳ ಮಾಡೋಕೆ ಬೇರೆ ಯಾರಾದ್ರೂ ಇದ್ರೆ, ಬೇಸಿಗೆ ರಜೆನೇ ಸರಿ. ದಸರಾ ರಜೆ ಜೋಗದಿಂದ ನೂರು ಕಿಲೋಮೀಟರ್ ದೂರ ಇರೋರಿಗೆ.

ಸಿಎಲ್ ಹಾಕೋರು ದಿನ ನೋಡಿ ಹಾಕಿ. ಸೋಮವಾರ ಹಾಕಿದ್ರೆ ಭಾನುವಾರಕ್ಕೆ ಅಂಟ್ಕೊಂಡು "ಎರಡು ದಿನ ಇದೆಯಲ್ಲ, ಊರಿಗೆ ಹೋಗೋಣ" ಆಗುತ್ತೆ. ಶುಕ್ರವಾರ ಹಾಕಿದ್ರೆ ಶನಿವಾರದ ಅರ್ಧ ದಿನದ ಸ್ಕೂಲು ನೆನೆಸ್ಕೊಂಡೇ ಹೊಟ್ಟೆ ಉರಿಯುತ್ತೆ. ಬುಧವಾರ, ತಪ್ಪಿದ್ರೆ ಗುರುವಾರ. ಮನೇಲಿ ಹಿಂದಿನ ದಿನ ಹೇಳ್ಬೇಡಿ, ಹೇಳಿದ್ರೆ "ಹಂಗಾರೆ ನಾಳೆ ದೋಸೆಗೆ ನೆನೆ ಹಾಕು" ಅಂತಾರೆ, ಬೆಳಿಗ್ಗೆ ಎಲ್ಲರೂ ಶೂ ಹಾಕ್ಕೊಳ್ಳುವಾಗ ಹೇಳಿ. ಮತ್ತೆ ಉಳ್ಸಿಟ್ಕೊಂಡು ಕೂರ್ಬೇಡಿ, ಉಳಿದ ಸಿಎಲ್ ಡಿಸೆಂಬರ್ 31ಕ್ಕೆ ಲ್ಯಾಪ್ಸ್, ಮುಂದಿನ ವರ್ಷಕ್ಕೆ ಹೋಗಲ್ಲ. ಇಬ್ಬರು ಟೀಚರ್ ಇರೋ ಶಾಲೆಯಲ್ಲಿ ಡಿಸೆಂಬರ್ ಬಂದ್ರೆ ಇಬ್ಬರಿಗೂ ಉಳಿದಿರುತ್ತೆ, ಒಂದೇ ದಿನ ಇಬ್ಬರೂ ಹಾಕೋ ಹಾಗಿಲ್ಲ, ನಮ್ಮ ಸರ್ ಆಗಲೇ ಕ್ಯಾಲೆಂಡರಿನ ಡಿಸೆಂಬರ್ ಹಾಳೆ ತಿರುವಿ ಎಲ್ಲ ಬುಧವಾರಕ್ಕೂ ಪೆನ್ಸಿಲಲ್ಲಿ ಗುರುತು ಹಾಕಿ ಇಟ್ಟಿದಾರೆ.